ಯಾರದೋ ಕುಡಿತ, ಯಾರ ಬೆನ್ನಿಗೋ ಬಾಸುಂಡೆ

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾಂಕ್ಸಿಯಾ ಹಿಲ್ ಎಂಬ ಬಾಲಬಂದಿಖಾನೆ ಇದೆ. ಕಾನೂನಿನ ಕೈಗೆ ಸಿಕ್ಕಿಬಿದ್ದ ಹುಡುಗ ಹುಡುಗಿಯರನ್ನು ಅಲ್ಲಿ ಇಡುತ್ತಾರೆ. ಅಲ್ಲಿದ್ದ 99 ಮಕ್ಕಳನ್ನು ವೈದ್ಯರು, ಮನಶ್ಶಾಸ್ತ್ರಜ್ಞರು, ಮಾತಿನ ತಜ್ಞರು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 99ರಲ್ಲಿ 36 ಮಕ್ಕಳ ಮಿದುಳಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮದ್ಯದಿಂದ ಪೆಟ್ಟು ಬಿದ್ದಿತ್ತು. ಇದು ಮೊದಲೇ ಪತ್ತೆಯಾಗಿದ್ದದ್ದು ಇಬ್ಬರಲ್ಲಿ ಮಾತ್ರ. ಉಳಿದ 34 ಮಕ್ಕಳು ಶಾಲೆ, ಪೊಲೀಸ್ ಠಾಣೆ, ನ್ಯಾಯಾಲಯ ಎಲ್ಲವನ್ನೂ ದಾಟಿ ಜೈಲಿನ ಬಾಗಿಲ ಒಳಗೆ ಬಂದಿದ್ದರು. ದಾರಿಯಲ್ಲಿ ಸಿಕ್ಕ ಅಷ್ಟು ಜನ ದೊಡ್ಡವರಲ್ಲಿ ಒಬ್ಬರಿಗೂ ಕಾರಣ ಕಂಡಿರಲಿಲ್ಲ.

ಹೀಗೇಕಾಯಿತು ಎಂದು ತಿಳಿಯಬೇಕಾದರೆ ಇಂಥ ಒಂದು ಮಗುವನ್ನು ನಮ್ಮದೇ ಊರಿನ ಶಾಲೆಯಲ್ಲಿ ಕೂರಿಸಿ ನೋಡಬೇಕು. ಸೋಮವಾರ ಏಳರ ಮಗ್ಗಿ ಸರಿಯಾಗಿ ಒಪ್ಪಿಸಿದ ಹುಡುಗ ಮಂಗಳವಾರ ಏಳೆರಡಲ ಎಷ್ಟೆಂದರೆ ಮಿಕಮಿಕ ನೋಡುತ್ತಾನೆ. ನಿನ್ನೆ ಬಂದದ್ದು ಇವತ್ತು ಬಾರದೆಂದರೆ ಅದು ಸೊಕ್ಕು ಎಂದೇ ಮೇಷ್ಟ್ರ ಲೆಕ್ಕ. ಬಿಸಿಯೂಟದ ಹೊತ್ತಿಗೆ "ಕೈ ತೊಳ್ಕೊಂಡು, ತಟ್ಟೆ ತಗೊಂಡು, ಸಾಲಲ್ಲಿ ಕೂತ್ಕೋ" ಎಂದರೆ ಮೂರು ಮಾತಿನಲ್ಲಿ ಕೊನೆಯದೊಂದೇ ತಲೆಯಲ್ಲಿ ಉಳಿದು, ತಟ್ಟೆಯಿಲ್ಲದೆ ಬಂದು ಕೂರುತ್ತಾನೆ. ದೊಡ್ಡ ಹುಡುಗರು ಆ ಸೈಕಲ್ ತಗೊಂಡು ಬಾರೋ ಎಂದರೆ ಯಾರದೆಂದು ಕೇಳದೆ ತಂದುಬಿಡುತ್ತಾನೆ. ಸಿಕ್ಕಿಬಿದ್ದಾಗ "ನೀನೇ ಅಲ್ವೇನೋ ಕದ್ದಿದ್ದು?" ಎಂದು ಗದರಿಸಿದರೆ ಹೌದು ಎನ್ನುತ್ತಾನೆ. "ನೀನು ಕದ್ದಿಲ್ಲ ತಾನೆ?" ಎಂದು ಮೆಲ್ಲಗೆ ಕೇಳಿದರೆ ಅದಕ್ಕೂ ಹೌದು. ಎದುರಿಗಿರುವವರಿಗೆ ಏನು ಬೇಕೋ ಅದನ್ನೇ ಹೇಳಿ ಆ ಕ್ಷಣ ಕಳೆಯುವುದಷ್ಟೇ ಅವನಿಗೆ ಗೊತ್ತು. ಇದಕ್ಕೆ ನಾವು ಸುಳ್ಳುಬುರುಕ ಎಂಬ ಹೆಸರಿಟ್ಟು ಕೈ ತೊಳೆದುಕೊಳ್ಳುತ್ತೇವೆ.

ಶಿಕ್ಷೆಯ ಹಿಂದೆ ಒಂದು ನಂಬಿಕೆ ಇದೆ. ಇಂದು ಪೆಟ್ಟು ತಿಂದವನು ನಾಳೆ ಅದನ್ನು ನೆನೆಸಿಕೊಳ್ಳುತ್ತಾನೆ, ನೆನೆಸಿಕೊಂಡು ಕೈ ಹಿಂದೆಗೆಯುತ್ತಾನೆ ಎಂಬುದು ಆ ನಂಬಿಕೆ. ಮಾಡಿದ್ದಕ್ಕೂ ಆದದ್ದಕ್ಕೂ ಗಂಟು ಹಾಕುವ, ಆಸೆಯನ್ನು ಒಂದು ಗಳಿಗೆ ತಡೆದು ನಿಲ್ಲಿಸುವ ಕೆಲಸ ಮಿದುಳಿನ ಮುಂಭಾಗದ್ದು. ಗರ್ಭದಲ್ಲಿ ಮದ್ಯ ತಾಗಿದ ಮಕ್ಕಳಲ್ಲಿ ಬಹುತೇಕ ಪೆಟ್ಟಾಗಿರುವುದು ಅದೇ ಶಕ್ತಿಗೆ. ಅಂದರೆ ಶಿಕ್ಷೆಯಿಂದ ಕಲಿಯುವ ಸಾಮರ್ಥ್ಯವನ್ನೇ ಕಳೆದುಕೊಂಡ ಮಗುವಿಗೆ, ಕಲಿಯಲಿಲ್ಲವೆಂಬ ಕಾರಣಕ್ಕೆ, ಮತ್ತೆ ಮತ್ತೆ ಶಿಕ್ಷೆ ಕೊಡುತ್ತಿರುತ್ತೇವೆ. ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಬೇರೆ ಹೊಳೆಯುವುದಿಲ್ಲ.

ಮದ್ಯ ಇಷ್ಟನ್ನೆಲ್ಲ ಮಾಡುವುದು ಹೇಗೆ? ತಾಯಿ ಕುಡಿದದ್ದು ಹೊಕ್ಕುಳಬಳ್ಳಿಯ ಮೂಲಕ ನೇರವಾಗಿ ಮಗುವಿಗೆ ಹೋಗುತ್ತದೆ. ನಡುವೆ ಅದನ್ನು ಸೋಸುವ ಜರಡಿ ಇಲ್ಲ. ಮದ್ಯವನ್ನು ಕರಗಿಸುವ ಕಿಣ್ವ ಮಗುವಿನ ಪಿತ್ತಜನಕಾಂಗದಲ್ಲಿ ಇನ್ನೂ ಸಾಕಷ್ಟು ಹುಟ್ಟಿರುವುದಿಲ್ಲ. ಮಗು ತೇಲುವ ಗರ್ಭದ ನೀರಿನಲ್ಲಿ ಅದು ತಂಗುತ್ತದೆ, ಮಗು ಆ ನೀರನ್ನೇ ನುಂಗುತ್ತದೆ. ಆ ಹೊತ್ತಿನಲ್ಲಿ ಮಿದುಳಿನ ಜೀವಕೋಶಗಳು ಹುಟ್ಟಿ, ತಮ್ಮ ತಮ್ಮ ಜಾಗ ಹುಡುಕಿಕೊಂಡು ಹೋಗಿ, ಒಂದಕ್ಕೊಂದು ಕೈ ಜೋಡಿಸುತ್ತಿರುತ್ತವೆ. ಮದ್ಯ ಆ ಕೋಶಗಳ ನಡುವಿನ ಸಂಜ್ಞೆಗಳನ್ನು ಅಡಗಿಸುತ್ತದೆ. ಸಂಜ್ಞೆ ಸಿಗದ ಎಳೆಯ ಕೋಶ ತನ್ನ ಅಗತ್ಯವಿಲ್ಲವೆಂದು ತಾನೇ ಸಾಯುತ್ತದೆ. ಬೆಳೆದ ಪೈರು ತಡೆದುಕೊಳ್ಳುವ ಔಷಧಿ ಸಸಿಮಡಿಯನ್ನು ಸುಟ್ಟುಹಾಕುವುದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡಬಲ ಮಿದುಳನ್ನು ಬೆಸೆಯುವ ನರಗಳ ಪಟ್ಟಿ ಕೆಲವರಲ್ಲಿ ತೆಳುವಾಗುತ್ತದೆ, ಕೆಲವರಲ್ಲಿ ಪೂರ್ತಿ ಮೂಡುವುದೇ ಇಲ್ಲ. ನೆನಪನ್ನು ಕಾಯುವ ಭಾಗ, ನಡಿಗೆಯ ಸಮತೋಲ ನೋಡಿಕೊಳ್ಳುವ ಭಾಗ ಕಿರಿದಾಗುತ್ತವೆ. ಎಷ್ಟು ಕುಡಿದರೆ ಅಪಾಯವಿಲ್ಲ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಅಳತೆಯಿಲ್ಲ. ಬಸುರಿಗೆ ಇಷ್ಟು ಪರವಾಗಿಲ್ಲ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಆಧಾರವಿಲ್ಲ.

ಇದನ್ನು ಮೊದಲು ಗಮನಿಸಿದವರಲ್ಲಿ ಒಬ್ಬನು ಜೈಲಿನ ವೈದ್ಯ. ಇಂಗ್ಲೆಂಡಿನ ಲಿವರ್‌ಪೂಲ್ ಜೈಲಿನಲ್ಲಿದ್ದ ವಿಲಿಯಂ ಸಲಿವನ್ 1899ರಲ್ಲಿ ಕುಡಿತಕ್ಕೆ ಸಿಲುಕಿದ 120 ಹೆಂಗಸರ 600 ಮಕ್ಕಳ ವಿವರ ಕಲೆಹಾಕಿದ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಸತ್ತು ಹುಟ್ಟಿದ್ದವು ಅಥವಾ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಅವರ ಬಡತನವೇ ಕಾರಣವಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಅದಕ್ಕೇ ಅವನು ಅದೇ ಹೆಂಗಸರ ರಕ್ತಸಂಬಂಧಿಗಳಲ್ಲಿ ಕುಡಿಯದವರ ಮಕ್ಕಳನ್ನೂ ಎಣಿಸಿದ; ಅಲ್ಲಿ ಸಾವಿನ ಪ್ರಮಾಣ ಇದರ ಅರ್ಧಕ್ಕೂ ಕಡಿಮೆ. ನನ್ನನ್ನು ತಡೆದು ನಿಲ್ಲಿಸಿದ್ದು ಅವನ ಇನ್ನೊಂದು ಮಾತು. ಬಸುರಿನ ಮೊದಲ ದಿನಗಳಲ್ಲೇ ಜೈಲು ಸೇರಿ, ಅಲ್ಲಿ ಕುಡಿಯಲು ಸಿಗದೆ ಹೋದ ತಾಯಂದಿರಿಗೆ, ಹಿಂದಿನ ಮಕ್ಕಳನ್ನೆಲ್ಲ ಕಳೆದುಕೊಂಡಿದ್ದರೂ, ಗಟ್ಟಿಯಾದ ಮಗು ಹುಟ್ಟಿದ್ದುಂಟು. ಹೊರಗಿನ ಲೋಕ ಕೊಡದ ರಕ್ಷಣೆಯನ್ನು ಜೈಲಿನ ಗೋಡೆ ಕೊಟ್ಟಿತ್ತು. ನೂರಾ ಹತ್ತೊಂಬತ್ತು ವರ್ಷಗಳ ನಂತರ ಬ್ಯಾಂಕ್ಸಿಯಾ ಹಿಲ್‌ನ ಲೆಕ್ಕ ಪ್ರಕಟವಾದಾಗ, ಆ ರಕ್ಷಣೆ ಸಿಗದೆ ಹುಟ್ಟಿದ ಮಕ್ಕಳು ತಾವೇ ಗೋಡೆಯ ಒಳಗಿದ್ದರು.

ಸಲಿವನ್ ಬರೆದದ್ದನ್ನು ಲೋಕ ಮರೆತುಬಿಟ್ಟಿತು. 1968ರಲ್ಲಿ ಫ್ರಾನ್ಸಿನ ನಾಂಟ್ ಊರಿನ ಮಕ್ಕಳ ವೈದ್ಯ ಪಾಲ್ ಲೆಮ್ವಾನ್, ಕುಡಿಯುವ ತಾಯಿತಂದೆಯರ 127 ಮಕ್ಕಳಲ್ಲಿ ಒಂದೇ ಬಗೆಯ ಮುಖಲಕ್ಷಣಗಳಿರುವುದನ್ನು ಬರೆದ. ಅದನ್ನೂ ಹೆಚ್ಚು ಜನ ಓದಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದಕ್ಕೆ ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟ ಮೇಲೆಯೇ ವೈದ್ಯಲೋಕ ಕಣ್ಣು ತೆರೆದದ್ದು. ಮೂಗಿನ ಕೆಳಗಿಂದ ಮೇಲ್ತುಟಿಯವರೆಗೆ ಇಳಿಯುವ ಸಣ್ಣ ತಗ್ಗು ಈ ಮಕ್ಕಳಲ್ಲಿ ನಯವಾಗಿ ಮುಚ್ಚಿಹೋಗಿರುತ್ತದೆ, ಮೇಲ್ತುಟಿ ತೆಳು, ಕಣ್ಣಿನ ಸೀಳು ಗಿಡ್ಡ. ಗರ್ಭ ನಿಂತ ಮೂರನೆಯ ವಾರದ ಹೊತ್ತಿಗೆ, ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದೇ ತಿಳಿಯುವ ಮೊದಲು, ಮದ್ಯ ಸೋಂಕಿದರೆ ಮೂಡುವ ಗುರುತು ಅದು. ಆದರೆ ಮಿದುಳಿಗೆ ಪೆಟ್ಟಾದ ಹೆಚ್ಚಿನ ಮಕ್ಕಳ ಮುಖದಲ್ಲಿ ಈ ಗುರುತೂ ಇರುವುದಿಲ್ಲ. ಮುಖ ಎಲ್ಲರಂತೆಯೇ ಇದ್ದು, ನಡತೆ ಮಾತ್ರ ಬೇರೆಯಾದ ಮಗುವಿಗೆ ಕನಿಕರವೂ ಸಿಗುವುದಿಲ್ಲ.

ಇಷ್ಟು ಓದಿದವರ ಬಾಯಲ್ಲಿ ಮೊದಲು ಬರುವ ಮಾತು, "ಎಂಥ ತಾಯಿಯಪ್ಪಾ ಅವಳು" ಎಂಬುದು. ಅಲ್ಲಿಗೇ ನಿಲ್ಲುವುದಾದರೆ ಈ ವಿಷಯವನ್ನು ಎತ್ತದಿರುವುದೇ ಮೇಲು. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತದ ದ್ರಾಕ್ಷಿತೋಟಗಳಲ್ಲಿ ತಲೆಮಾರುಗಳ ಕಾಲ ಕೂಲಿಯ ಒಂದು ಪಾಲನ್ನು ಮಾಲೀಕರು ಅಗ್ಗದ ವೈನಿನ ರೂಪದಲ್ಲಿ ಕೊಡುತ್ತಿದ್ದರು. ದಿನಕ್ಕೆ ಹಲವು ಸಲ ಲೋಟ ತುಂಬಿ ಕೊಡುವ ಆ ಪದ್ಧತಿಗೆ ಡಾಪ್ ಎಂದು ಹೆಸರು. 1960ರ ದಶಕದಲ್ಲಿ ಕಾನೂನು ಅದನ್ನು ನಿಷೇಧಿಸಿದ ಮೇಲೂ ತೋಟಗಳಲ್ಲಿ ನಡೆದುಕೊಂಡೇ ಬಂತು. ಜಗತ್ತಿನಲ್ಲಿ ಮದ್ಯದಿಂದ ಗರ್ಭದಲ್ಲೇ ಪೆಟ್ಟು ತಿಂದ ಮಕ್ಕಳ ಪ್ರಮಾಣ ಅತಿ ಹೆಚ್ಚೆಂದು ದಾಖಲಾಗಿರುವ ಜಾಗಗಳಲ್ಲಿ ಆ ಸೀಮೆಯ ಊರುಗಳೂ ಇವೆ. ಆ ತೋಟದ ಬಸುರಿಯ ಕೈಗೆ ಲೋಟ ಕೊಟ್ಟವರು ಯಾರು? ಅವಳ ಅಜ್ಜನಿಗೆ ಕೂಲಿಯ ಬದಲು ಮದ್ಯ ಅಳೆದು ಕೊಟ್ಟವರು ಯಾರು? ತಪ್ಪಿನ ಲೆಕ್ಕ ಬರೆಯಲು ಕೂತರೆ ಅವಳ ಹೆಸರು ಬಹಳ ಕೆಳಗೆ ಬರುತ್ತದೆ.

ಬ್ಯಾಂಕ್ಸಿಯಾ ಹಿಲ್ ಇರುವ ರಾಜ್ಯದಲ್ಲೇ, ಬಹಳ ಉತ್ತರಕ್ಕೆ, ಫಿಟ್ಜ್‌ರಾಯ್ ಕ್ರಾಸಿಂಗ್ ಎಂಬ ಸಣ್ಣ ಊರಿದೆ. ಅಲ್ಲಿಯ ಮೂಲನಿವಾಸಿಗಳು ಒಂದು ಕಾಲಕ್ಕೆ ಸುತ್ತಲಿನ ದನಗಾವಲುಗಳಲ್ಲಿ ದುಡಿಯುತ್ತಿದ್ದವರು. 1960ರ ದಶಕದ ಕೊನೆಯಲ್ಲಿ ಅವರಿಗೂ ಬಿಳಿಯರಷ್ಟೇ ಕೂಲಿ ಕೊಡಬೇಕೆಂದು ಆದಾಗ ಮಾಲೀಕರು ಅವರನ್ನು ಕೆಲಸದಿಂದಲೇ ಹೊರಹಾಕಿದರು. ನೆಲವೂ ಹೋಗಿ ದುಡಿಮೆಯೂ ಹೋಗಿ ಜನ ಊರಿನಲ್ಲಿ ಬಂದು ಸೇರಿದರು. ಅವರ ಎದುರಿಗೆ ಮದ್ಯದಂಗಡಿ ಇತ್ತು. ಸಾವಿನ ಮೇಲೆ ಸಾವು ಕಂಡು ಬೇಸತ್ತ ಅಲ್ಲಿಯ ಹೆಂಗಸರು 2007ರಲ್ಲಿ ಸಭೆ ಸೇರಿ, ಮನೆಗೆ ಒಯ್ಯುವ ಗಟ್ಟಿ ಮದ್ಯದ ಮಾರಾಟ ನಿಲ್ಲಿಸಿ ಎಂದು ಸರ್ಕಾರವನ್ನು ಕೇಳಿದರು. ಜೂನ್ ಆಸ್ಕರ್, ಎಮಿಲಿ ಕಾರ್ಟರ್ ಮುಂದೆ ನಿಂತರು. ಊರಿನೊಳಗೇ ವಿರೋಧ ಬಂತು, ಬೈಗುಳ ಬಂತು. ಆದರೂ ಅದೇ ವರ್ಷ ಶೇ 2.7ಕ್ಕಿಂತ ಹೆಚ್ಚು ಮದ್ಯಾಂಶವಿರುವ ಯಾವುದನ್ನೂ ಕಟ್ಟಿಸಿಕೊಂಡು ಹೋಗುವಂತಿಲ್ಲ ಎಂಬ ಆದೇಶ ಹೊರಬಿತ್ತು.

ಅವರು ಅಲ್ಲಿಗೆ ನಿಲ್ಲಲಿಲ್ಲ. ತಮ್ಮ ಮಕ್ಕಳಿಗೆ ಏನಾಗಿದೆಯೆಂದು ತಿಳಿಯಬೇಕೆಂದು ವೈದ್ಯರನ್ನು ತಾವಾಗಿಯೇ ಕರೆಸಿಕೊಂಡರು. 2002 ಮತ್ತು 2003ರಲ್ಲಿ ಹುಟ್ಟಿದ 134 ಮಕ್ಕಳಲ್ಲಿ 127 ಮಕ್ಕಳ ಮನೆಯವರು ಒಪ್ಪಿ ಮುಂದೆ ಬಂದರು. ಬಸುರಿಯಾಗಿದ್ದಾಗ ಕುಡಿದಿರಾ ಎಂದು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ತಾಯಂದಿರು ಹೌದು ಎಂದರು. ಐದರಲ್ಲಿ ಸುಮಾರು ಒಂದು ಮಗುವಿಗೆ ಪೆಟ್ಟಾಗಿದ್ದುದು ಗೊತ್ತಾಯಿತು. ಒಬ್ಬ ತಾಯಿ ಅಪರಿಚಿತರ ಮುಂದೆ ಕೂತು, ನನ್ನ ಮಗುವಿನ ಈ ಸ್ಥಿತಿಗೆ ನಾನು ಕುಡಿದದ್ದು ಕಾರಣವಿರಬಹುದು ಎಂದು ಒಪ್ಪಿಕೊಳ್ಳಬೇಕಾದರೆ ಎಂಥ ಎದೆಗಾರಿಕೆ ಬೇಕು! ಯಾರೂ ತನ್ನತ್ತ ಬೊಟ್ಟು ಮಾಡುವುದಿಲ್ಲ ಎಂಬ ಭರವಸೆ ಇದ್ದುದರಿಂದ ಅವಳು ಆ ಮಾತು ಆಡಿದಳು. ಬೊಟ್ಟು ಮಾಡುವ ಊರಿನಲ್ಲಿ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ, ಮಗು ದಡ್ಡ ಎನಿಸಿಕೊಂಡು ಬೆಳೆಯುತ್ತದೆ.

ನಮ್ಮಲ್ಲಿ ಹೆಂಗಸರು ಕುಡಿಯುವುದು ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಹೆಂಗಸರಲ್ಲಿ ಶೇ 1.3, ಗಂಡಸರಲ್ಲಿ ಶೇ 18.8. ಹಾಗೆಂದು ನಮ್ಮ ಮಕ್ಕಳು ಪಾರಾದರು ಎಂದುಕೊಳ್ಳುವಂತಿಲ್ಲ. ಮದ್ಯ ಅವರನ್ನು ಬೇರೆ ದಾರಿಗಳಿಂದ ಮುಟ್ಟುತ್ತದೆ. ಶೀತ ಹಿಡಿದ ಕೂಸಿಗೆ ಒಳಲೆಯಲ್ಲಿ ನಾಲ್ಕು ಹನಿ ಬ್ರಾಂದಿ ಬೆರೆಸಿ ಕುಡಿಸುವುದನ್ನು, ಬಾಣಂತಿಗೆ ಮೈ ಬೆಚ್ಚಗಿರಲಿ ಎಂದು ರಾತ್ರಿ ಒಂದು ಮುಚ್ಚಳ ಕೊಡುವುದನ್ನು ನಮ್ಮ ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದಲೇ ಮಾಡುತ್ತಾರೆ. ಮಗು ಗಾಢ ನಿದ್ದೆ ಹೋಗುತ್ತದೆ, ಅಜ್ಜಿಗೆ ಸಮಾಧಾನ. ಆ ನಿದ್ದೆ ಗುಣವಾದ ನಿದ್ದೆಯಲ್ಲ. ಕೂಸಿನ ಮೈಯಲ್ಲಿ ಮದ್ಯ ಬೇಗ ಕರಗುವುದಿಲ್ಲ, ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಲೂಬಹುದು. ಈ ಮಾತಿನಲ್ಲಿ ಅಜ್ಜಿಯರನ್ನು ಮಾತ್ರ ದೂರುವುದು ಸಲ್ಲ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ ಲೋಕದ ತೊಟ್ಟಿಲುಗಳನ್ನೆಲ್ಲ ಮುಟ್ಟಿದ ಗ್ರೈಪ್ ವಾಟರ್‌ನಲ್ಲೂ ಶೇ 3.6ರಷ್ಟು ಮದ್ಯ ಇತ್ತು. ಬ್ರಿಟನ್ನಿನಲ್ಲಿ ಅದನ್ನು ತೆಗೆದದ್ದು 1992ರಲ್ಲಿ. ಓದಿದವರ ಔಷಧಿಶಾಸ್ತ್ರಕ್ಕೇ ಇಷ್ಟು ಕಾಲ ಬೇಕಾಯಿತು.

ಇನ್ನೊಂದು ದಾರಿ ಬಾಡೂಟದ ಪಂಕ್ತಿಯ ಹಿಂದೆ, ಟ್ರ್ಯಾಕ್ಟರಿನ ಮರೆಯಲ್ಲಿ ತೆರೆದುಕೊಳ್ಳುತ್ತದೆ. ಹದಿಮೂರು ಹದಿನಾಲ್ಕರ ಹುಡುಗನ ಕೈಗೆ ಮಾವನೋ ಚಿಕ್ಕಪ್ಪನೋ ಪ್ಲಾಸ್ಟಿಕ್ ಲೋಟ ಕೊಟ್ಟು, "ಕುಡಿಯೋ, ಗಂಡಸಲ್ವೇನೋ ನೀನು" ಎನ್ನುತ್ತಾನೆ. ಸುತ್ತಲಿದ್ದವರು ನಗುತ್ತಾರೆ. ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಹದಿನಾಲ್ಕರಲ್ಲಿ ಸುಖದ ಹಂಬಲ ಪೂರಾ ಎಚ್ಚೆತ್ತಿರುತ್ತದೆ, ಅದನ್ನು ತಡೆಯುವ ಶಕ್ತಿ ಇನ್ನೂ ಕಟ್ಟಡದ ಹಂತದಲ್ಲಿರುತ್ತದೆ. 1997ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, 15 ತುಂಬುವ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ಶೇ 40ರಷ್ಟು ಜನ ಬದುಕಿನ ಯಾವುದೋ ಹಂತದಲ್ಲಿ ಮದ್ಯಕ್ಕೆ ದಾಸರಾಗಿದ್ದರು. 20ರ ನಂತರ ಶುರು ಮಾಡಿದವರಲ್ಲಿ ಅದು ಶೇ 10ರ ಸುಮಾರು. ಮನೆತನ, ಸಹವಾಸ, ಬಡತನ ಎಲ್ಲವೂ ಈ ಅಂಕಿಯೊಳಗೆ ಬೆರೆತಿವೆ, ನಿಜ. ಹಾಗಿದ್ದರೂ ಆ ಲೋಟ ಕೊಡುವ ಕೈಯನ್ನು ಹಿಡಿದು ನಿಲ್ಲಿಸಲು ಇಷ್ಟು ಸಾಕು. ಸಾಲದಿದ್ದರೆ ಕಾನೂನಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ, ವೈದ್ಯರ ಅಪ್ಪಣೆಯಿಲ್ಲದೆ ಮಗುವಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಬಾಡೂಟದಲ್ಲಿ ಈ ಕಲಮನ್ನು ನೆನೆಯುವವರನ್ನು ನಾನು ಕಂಡಿಲ್ಲ.

ಮೂರನೆಯ ದಾರಿ ತಂದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನಗಲ್ ಮತ್ತು ಸಂಗಡಿಗರು, ತಲೆಮಾರಿನಿಂದ ಕುಡಿತವಿರುವ ಮನೆಗಳ, ಆದರೆ ತಾವು ಇನ್ನೂ ಮದ್ಯದ ರುಚಿಯನ್ನೇ ಕಾಣದ ಹುಡುಗರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. 2007ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಇತರ ಹುಡುಗರಿಗೆ ಹೋಲಿಸಿದರೆ ಇವರ ಮಿದುಳಿನ ಕೆಲವು ಭಾಗಗಳು ಕಿರಿದಾಗಿದ್ದವು, ಮುಂಗೋಪ, ಚಡಪಡಿಕೆಗಳೊಂದಿಗೆ ಅದಕ್ಕೆ ನಂಟಿತ್ತು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ತಾಯಿ ಮುಟ್ಟದಿದ್ದರೂ ತಂದೆ ಇಲಿಗೆ ಮದ್ಯ ಕುಡಿಸಿದ್ದರೆ ಮರಿಗಳ ಮುಖದಲ್ಲಿ ವ್ಯತ್ಯಾಸ ಕಂಡಿದೆ. ಇನ್ನು ವಿಜ್ಞಾನದ ನೆರವಿಲ್ಲದೆಯೇ ನಮಗೆಲ್ಲ ಗೊತ್ತಿರುವುದು ಬೇರೆ ಇದೆ. ಸಂಜೆ ಅಪ್ಪನ ಹೆಜ್ಜೆಯ ಸದ್ದಿನಲ್ಲೇ ಇವತ್ತು ಎಷ್ಟು ಕುಡಿದಿದ್ದಾನೆಂದು ಅಳೆಯುವ, ತಂಗಿಯನ್ನು ಎಬ್ಬಿಸಿಕೊಂಡು ಪಕ್ಕದ ಮನೆಯ ಜಗುಲಿಗೆ ಓಡುವ ಮಗುವಿನ ಮಿದುಳು ಪಾಠ ಕಲಿಯಲು ಪುರುಸೊತ್ತಿಲ್ಲದೆ ಬೆಳೆಯುತ್ತದೆ.

ಇದನ್ನು ಬಲ್ಲ ಹೆಂಗಸರೇ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಸಾರಾಯಿ ಅಂಗಡಿಗಳ ಮುಂದೆ ಕೂತು ಹೋರಾಡಿದರು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಯ ಪ್ಯಾಕೆಟ್ಟುಗಳು ಬಂದವು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಬಿಸಿಲಲ್ಲಿ ನಡೆದರು. 2023ರ ಜನವರಿಯಲ್ಲಿ ಸರ್ಕಾರ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಡಿಸಿ, ಜನರ ವಿರೋಧ ಬಂದ ಮೇಲೆ ಕೈಬಿಟ್ಟಿತು. ನಡೆದು ಬಂದ ಹೆಂಗಸರ ಮಾತನ್ನು ಯಾರು ಎಷ್ಟು ಕೇಳಿಸಿಕೊಂಡರೆಂಬುದಕ್ಕೆ ಆ ಕರಡೇ ಸಾಕ್ಷಿ.

ಪೆಟ್ಟಾದ ಮಿದುಳನ್ನು ಮತ್ತೆ ಮೊದಲಿನಂತೆ ಮಾಡುವ ಔಷಧಿಯಿಲ್ಲ. ಆದರೆ ಪೆಟ್ಟಾದ ಬದುಕು ಜೈಲಿಗೇ ಹೋಗಬೇಕೆಂದೇನಿಲ್ಲ. ಸಿಯಾಟಲ್‌ನ ಆ್ಯನ್ ಸ್ಟ್ರೈಸ್‌ಗತ್ 1996ರಲ್ಲಿ ಇಂಥ 415 ಜನರ ಬದುಕನ್ನು ಪರಿಶೀಲಿಸಿದಾಗ, ಹನ್ನೆರಡು ದಾಟಿದವರಲ್ಲಿ ಶೇ 60ರಷ್ಟು ಜನ ಒಮ್ಮೆಯಾದರೂ ಕಾನೂನಿನ ಕೈಗೆ ಸಿಕ್ಕಿದ್ದರು. ಪಾರಾದವರನ್ನು ಕಾಪಾಡಿದ್ದು ಏನೆಂದು ಅವರು ಹುಡುಕಿದರು. ಆರು ವರ್ಷದೊಳಗೆ ಕಾರಣ ಪತ್ತೆಯಾದದ್ದು, ಮೇಲಿಂದ ಮೇಲೆ ಮನೆ ಬದಲಾಗದೆ ಅಕ್ಕರೆಯಿರುವ ಒಂದೇ ನೆಲೆ ಸಿಕ್ಕಿದ್ದು, ಹೊಡೆತ ಬಡಿತಕ್ಕೆ ಸಿಲುಕದೆ ಬೆಳೆದದ್ದು. ಇವುಗಳಲ್ಲಿ ಒಂದನ್ನೂ ಅಂಗಡಿಯಿಂದ ಕೊಂಡು ತರಬೇಕಾಗಿಲ್ಲ.

ಭಾರತದ ಮದ್ಯದ ಬಾಟಲಿಯ ಮೇಲಿನ ಎಚ್ಚರಿಕೆ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎನ್ನುತ್ತದೆ. ಬಸುರಿಯ ಬಗ್ಗೆ, ಮಗುವಿನ ಬಗ್ಗೆ ಅದರಲ್ಲಿ ಒಂದು ಅಕ್ಷರವಿಲ್ಲ. ಅಮೆರಿಕ ಆ ಮಾತನ್ನು 1989ರಲ್ಲೇ ಬರೆಸಿತು, ಆಸ್ಟ್ರೇಲಿಯಾ 2023ರಿಂದ ಕಡ್ಡಾಯ ಮಾಡಿತು. ನಮ್ಮಲ್ಲೂ ಅದನ್ನು ಅಚ್ಚು ಹಾಕಿಸಬೇಕು, ಓದಬೇಕಾದವರು ಓದುವ ಭಾಷೆಯಲ್ಲಿ. ತಾಯಿ ಕಾರ್ಡ್ ಹಿಡಿದು ಬರುವ ಪ್ರತಿ ಬಸುರಿಯ ಹತ್ತಿರ, ಅವಳ ಗಂಡನ ಹತ್ತಿರವೂ, ನರ್ಸಮ್ಮನವರು ಮತ್ತು ಆಶಾ ಕಾರ್ಯಕರ್ತೆಯರು ಕಬ್ಬಿಣದ ಮಾತ್ರೆಯ ಮಾತಿನಷ್ಟೇ ಸಹಜವಾಗಿ ಮದ್ಯದ ಮಾತನ್ನೂ ಆಡಲಿ, ಬೈಯದೆ ಆಡಲಿ. ಮೇಷ್ಟ್ರುಗಳೇ, ನಿನ್ನೆ ಬಂದ ಮಗ್ಗಿ ಇವತ್ತು ಬಾರದ ಹುಡುಗ ನಿಮ್ಮ ತರಗತಿಯಲ್ಲಿದ್ದರೆ, ಕೋಲಿಗೆ ಕೈ ಹಾಕುವ ಮೊದಲು ಅವನನ್ನು ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸುವಂತೆ ಮನೆಯವರಿಗೆ ಹೇಳಿ. ಇದನ್ನು ಓದುತ್ತಿರುವವರಲ್ಲಿ ಬಸುರಿಯಾಗಿ ಇನ್ನೂ ಕುಡಿತ ಬಿಡಲಾಗದೆ ಒದ್ದಾಡುತ್ತಿರುವ ತಾಯಿ ಯಾರಾದರೂ ಇದ್ದರೆ, ಹೆದರದೆ ನಿಮ್ಮ ವೈದ್ಯರಿಗೆ ಹೇಳಿಕೊಳ್ಳಿ. ಎಷ್ಟನೆಯ ತಿಂಗಳಲ್ಲಿ ನಿಲ್ಲಿಸಿದರೂ ಅಲ್ಲಿಂದ ಮುಂದಿನ ಬೆಳವಣಿಗೆಗೆ ಅದು ಒಳ್ಳೆಯದೇ. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ.